ವಸಂತ ಕೊಂಡ ವೆಲ್ಡಿಂಗ್ ಮಿಷನ್

ಕೊರೊನಾ ಕಳೆದ ಮರುವರ್ಷ. ಮೂಡುಬಿದಿರೆ ಬಸ್ ನಿಲ್ದಾಣದ ಹತ್ತಿರದ ಟೂಲ್ಸ್ ಅಂಗಡಿಯೊಂದರಲ್ಲಿ ನಾನು ಹಿರಿಯ ಸೇಲ್ಸ್‌ಮನ್. ಅದಕ್ಕೂ ಮೊದಲು ಬಂಟ್ವಾಳದ ಒಂದು ಗ್ರಿಲ್ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ವೆಲ್ಡಿಂಗ್ ಮಾಡಿದವನು. ಮಿಷನ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವುದು ಬೇಡ ಎಂಬ ಜಂಬ ಧಾರಾಳವಾಗಿತ್ತು. ಗಿರಾಕಿ ತಪ್ಪು ಸಾಮಾನು ಎತ್ತಿಕೊಂಡರೆ ಬೈದೇ ಬಿಡುತ್ತಿದ್ದೆ.

ವಸಂತ ಬೆಳ್ತಂಗಡಿ ರೂಟಿನ ಖಾಸಗಿ ಬಸ್ಸಿನ ಡ್ರೈವರ್. ವೇಣೂರಿನಿಂದ ನಾನು ದಿನಾ ಬರುತ್ತಿದ್ದದ್ದು ಅವನ ಬಸ್ಸಿನಲ್ಲೇ. ಒಂದು ಬೆಳಿಗ್ಗೆ ಎರಡು ಟ್ರಿಪ್ಪಿನ ನಡುವೆ ಅಂಗಡಿಗೆ ಬಂದ. ಅವನ ಮಗಳು ಆಗಷ್ಟೇ ನಡೆಯಲು ಕಲಿತಿದ್ದಳು, ಮನೆಯ ತಾರಸಿ ಮೆಟ್ಟಿಲಿಗೆ ರೈಲಿಂಗ್ ಇರಲಿಲ್ಲ.

"ವರ್ಕ್‌ಶಾಪಿನವರು ಇವತ್ತು ನಾಳೆ ಅಂತ ಮೂರು ತಿಂಗಳಿಂದ ಸತಾಯಿಸ್ತಾರೆ ಅಣ್ಣ. ನಾನೇ ಮಾಡ್ತೇನೆ."

ಅವನು ಕೌಂಟರಿನ ಮೇಲೆ ಇಟ್ಟದ್ದು ಎರಡು ವಸ್ತು. ಒಂದು, '300 ಆಂಪ್' ಎಂದು ದೊಡ್ಡದಾಗಿ ಸ್ಟಿಕ್ಕರ್ ಅಂಟಿಸಿದ ಅಗ್ಗದ ಇನ್ವರ್ಟರ್ ವೆಲ್ಡಿಂಗ್ ಮಿಷನ್. ಇನ್ನೊಂದು, ಕಿಡಿ ಹಾರಿದ ಕ್ಷಣ ಗಾಜು ತಾನೇ ಕಪ್ಪಾಗುವ ಆಟೋ ಹೆಲ್ಮೆಟ್. ಎರಡೂ ಸೇರಿ ಅವನ ಬಜೆಟ್ಟಿಗೆ ಸರಿಯಾಗಿತ್ತು.

ನನಗೆ ತಡೆಯಲಿಲ್ಲ. ಸ್ಟಿಕ್ಕರ್ ನೋಡಿ ಮಿಷನ್ ಕೊಳ್ಳುವುದೆಂದರೆ ಲಗ್ನಪತ್ರಿಕೆ ನೋಡಿ ಊಟ ಹೊಗಳಿದ ಹಾಗೆ ಎಂದೆ. ಮನೆಯ ಕಬ್ಬಿಣದ ಪೈಪು, ಪಟ್ಟಿ ಕೆಲಸಕ್ಕೆ ಎರಡೂವರೆ ಎಂಎಂ ವೆಲ್ಡಿಂಗ್ ರಾಡ್ ಸಾಕು, ಅದಕ್ಕೆ ಎಂಬತ್ತು ತೊಂಬತ್ತು ಆಂಪ್ ಬೇಕು, ಹಾಗಾಗಿ ನಿಜವಾದ 200 ಆಂಪಿನ ಮಿಷನ್ ಧಾರಾಳವಾಯಿತು. ನೋಡಬೇಕಾದದ್ದು ಡ್ಯೂಟಿ ಸೈಕಲ್, ಅಂದರೆ ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಅದನ್ನು ನಿಲ್ಲಿಸದೆ ಉರಿಸಬಹುದು ಎಂಬುದು. ಮತ್ತೆ, ನಮ್ಮ ಹಳ್ಳಿಗಳ ಲೈನಿನಲ್ಲಿ ವೋಲ್ಟೇಜ್ ಇಳಿದಾಗಲೂ ಅದು ಕೆಲಸ ಮಾಡುತ್ತದೆಯೇ ಎಂಬುದು. ಇಷ್ಟನ್ನೂ ಬಿಡಿಸಿ ಹೇಳಿ ಒಳ್ಳೆಯ ಮಿಷನ್ ತೆಗೆದಿಟ್ಟೆ. ಅದನ್ನು ಕೊಂಡರೆ ಹೆಲ್ಮೆಟ್ಟಿಗೆ ದುಡ್ಡು ಉಳಿಯುತ್ತಿರಲಿಲ್ಲ.

"ಹೆಲ್ಮೆಟ್ ಬೇಡವಾ ಹಾಗಾದರೆ?"

"ಅದೆಲ್ಲ ಷೋಕಿ ಮಾರಾಯ. ಬಾಕ್ಸಿನಲ್ಲಿ ಹ್ಯಾಂಡ್ ಶೀಲ್ಡ್ ಉಂಟಲ್ಲ, ಫ್ರೀ. ನಾನು ಹನ್ನೊಂದು ವರ್ಷ ಅದರಲ್ಲೇ ಮಾಡಿದ್ದು."

ಹ್ಯಾಂಡ್ ಶೀಲ್ಡ್ ಎಂದರೆ ಕೈಯಲ್ಲಿ ಹಿಡಿದು ಮುಖಕ್ಕೆ ಅಡ್ಡ ಇಡುವ, ಕಪ್ಪು ಗಾಜಿನ ಹಲಗೆ. ವಸಂತ ಹೆಲ್ಮೆಟ್ಟನ್ನು ವಾಪಸ್ ಶೆಲ್ಫಿನಲ್ಲಿಟ್ಟ.

ಭಾನುವಾರ ಇಡೀ ದಿನ ಕೆಲಸ ಮಾಡಿದನಂತೆ. ಸೋಮವಾರ ಬೆಳಿಗ್ಗೆ ಫೋನ್ ಬಂತು. "ಕಣ್ಣಿಗೆ ಮರಳು ಹಾಕಿದ ಹಾಗೆ ಆಗ್ತದೆ ಅಣ್ಣ. ಬಿಡ್ಲಿಕ್ಕೇ ಆಗುವುದಿಲ್ಲ."

ನಾನು ನಕ್ಕುಬಿಟ್ಟೆ. "ಹೊಸ ವೆಲ್ಡರಿಗೆ ಆಗುವುದೇ ಅದು. ನಂದಿಬಟ್ಟಲು ಹೂ ನೀರಿಗೆ ಹಾಕಿ ಎರಡು ಹನಿ ಬಿಡು. ನಾಡಿದ್ದಿಗೆ ಸರಿಯಾಗ್ತದೆ."

ವರ್ಕ್‌ಶಾಪಿನಲ್ಲಿ ನಾವೆಲ್ಲ ಮಾಡುತ್ತಿದ್ದದ್ದು ಅದನ್ನೇ. ಆರ್ಕಿನ, ಅಂದರೆ ವೆಲ್ಡಿಂಗ್ ಕಿಡಿಯ, ಬೆಳಕು ಕರಿಗುಡ್ಡೆಯ ಮೇಲ್ಪದರವನ್ನು ಸುಡುತ್ತದೆ, ಅದು ಹೆಚ್ಚಾಗಿ ಒಂದೆರಡು ದಿನದಲ್ಲಿ ತಾನಾಗಿಯೇ ಮಾಯುತ್ತದೆ. ಮಾಯಿಸಿದ ಹೆಸರು ಮಾತ್ರ ಹೂವಿಗೆ. ಹಸಿಗಾಯದ ಮೇಲೆ ಶುದ್ಧವಲ್ಲದ ನೀರು ಬಿಟ್ಟರೆ ಏನಾದೀತು ಎಂದು ನಾವು ಯಾರೂ ಯೋಚಿಸಿದವರಲ್ಲ.

ಬುಧವಾರವೂ ಬಸ್ಸಿನಲ್ಲಿ ಬೇರೆ ಡ್ರೈವರ್. ನಾನು ನೇರ ವಸಂತನ ಮನೆಗೆ ಹೋದೆ. ಬಲಗಣ್ಣು ಬಾತು ಕೀವು ತುಂಬಿತ್ತು, ಕರಿಗುಡ್ಡೆಯ ನಡುವೆ ಬಿಳಿ ಚುಕ್ಕೆ. ಮೆಟ್ಟಿಲ ಪಕ್ಕ ಮೂರೇ ಮೂರು ಕಂಬಿ ನಿಂತಿದ್ದವು.

"ಶೀಲ್ಡ್ ಹಿಡಿಯಲಿಲ್ಲವಾ?" ಎಂದು ಗದರಿದೆ.

"ಒಂದು ಕೈಯಲ್ಲಿ ರಾಡಿನ ಹೋಲ್ಡರು, ಒಂದು ಕೈಯಲ್ಲಿ ಪೈಪು. ಶೀಲ್ಡ್ ಯಾವ ಕೈಯಲ್ಲಿ ಹಿಡಿಯುವುದು ಅಣ್ಣ?"

ಆ ಹನ್ನೊಂದು ವರ್ಷವೂ ನನ್ನ ಪೈಪನ್ನು ಹಿಡಿಯಲು ಇನ್ನೊಬ್ಬ ಇರುತ್ತಿದ್ದ. ಮನೆಯಲ್ಲಿ ಮಾಡುವವನು ಒಬ್ಬನೇ. ವಸಂತ ಕಣ್ಣು ಮುಚ್ಚಿ, ಮುಖ ತಿರುಗಿಸಿ ರಾಡ್ ಮುಟ್ಟಿಸಿದ್ದ. ಜೋಡಣೆ ಸರಿ ಬಂತೇ ಎಂದು ನಡುನಡುವೆ ಕಣ್ಣು ಬಿಟ್ಟೂ ನೋಡಿದ್ದ.

ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರರು, "ಕಣ್ಣಿಗೆ ಏನು ಹಾಕಿದ್ದೀರಿ?" ಎಂದು ಕೇಳಿದರು. ವಸಂತನ ಹೆಂಡತಿ ನನ್ನನ್ನು ನೋಡಿದಳು. ನಂದಿಬಟ್ಟಲು ಹೂವಿನ ನೀರು, ನಾನೇ ಹೇಳಿದ್ದು ಎಂದೆ. ಡಾಕ್ಟರರು ನನ್ನನ್ನು ಬೈಯಲೂ ಇಲ್ಲ. ಆ ನೀರಿನಿಂದ ತಗುಲಿದ ಸೋಂಕಿಗೆ ಮೂರು ವಾರ ಚಿಕಿತ್ಸೆಯಾಯಿತು. ಕಣ್ಣುಗುಡ್ಡೆ ಉಳಿಯಿತು, ದೃಷ್ಟಿ ಉಳಿಯಲಿಲ್ಲ. ಆ ಕಣ್ಣಿಗೆ ಈಗ ಬೆಳಕು ಕತ್ತಲೆಯಷ್ಟೇ ಗೊತ್ತಾಗುವುದು. ಬಸ್ಸಿನ ಸ್ಟೇರಿಂಗ್ ಅಲ್ಲಿಗೆ ಮುಗಿಯಿತು.

ಅಂಗಡಿ ಬಿಡುವವರೆಗೂ ಮಿಷನ್ ಕೇಳಿ ಬಂದವರಿಗೆ ನನ್ನ ಮೊದಲ ಪ್ರಶ್ನೆ ಆಂಪ್ ಬಗ್ಗೆ ಆಗಿರಲಿಲ್ಲ. "ಪೈಪು ಹಿಡಿಯಲಿಕ್ಕೆ ಇನ್ನೊಬ್ಬರು ಉಂಟಾ?" ಎಂದೇ ಕೇಳುತ್ತಿದ್ದೆ. ಇಲ್ಲ ಎಂದರೆ ಮೊದಲು ಹೆಲ್ಮೆಟ್, ಉಳಿದ ದುಡ್ಡಿಗೆ ಸಿಕ್ಕಿದ ಮಿಷನ್. ಕಣ್ಣು ಉರಿದರೆ ನನಗೆ ಫೋನ್ ಮಾಡಬೇಡಿ, ಡಾಕ್ಟರರ ಹತ್ತಿರ ಹೋಗಿ ಎಂದೂ ಹೇಳುತ್ತಿದ್ದೆ. ಕೆಲಸ ಗೊತ್ತಿದ್ದ ಮಾತ್ರಕ್ಕೆ ಕೆಲಸ ಮಾಡುವವನ ಸ್ಥಿತಿ ಗೊತ್ತಿರುವುದಿಲ್ಲ. ಇದನ್ನು ಕಲಿತದ್ದು ನಾನು, ಅದಕ್ಕೆ ಕಣ್ಣು ತೆತ್ತವನು ವಸಂತ.

ಅವನು ಈಗ ಅದೇ ಬಸ್ಸಿನಲ್ಲಿ ಕಂಡಕ್ಟರ್. ಮೊನ್ನೆ ಟಿಕೆಟ್ ಕೊಡುತ್ತಾ ನನ್ನ ಪಕ್ಕ ನಿಂತು ಹೇಳಿದ, "ಭಾವ ರೈಲಿಂಗ್ ಮುಗಿಸಿ ಕೊಟ್ಟ ಅಣ್ಣ. ನೀವು ಆರಿಸಿದ ಮಿಷನ್ ಭಾರಿ ಒಳ್ಳೆಯದು, ಇವತ್ತಿನವರೆಗೆ ಕೈ ಕೊಡಲಿಲ್ಲ."

ಅವನ ಮಾತಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.