ಕಸ್ತೂರೆವ್ವ ಕರಗಿಸಿದ್ದು, ನಾನು ತಿಂದದ್ದು

ಸೀರೆಗಳ ಫೋಟೊ ತೆಗೆಯಲು ರಬಕವಿಗೆ ಹೋಗಿದ್ದೆ. ಕೈಮಗ್ಗದಲ್ಲಿ ಕೂತಿದ್ದ ಕಸ್ತೂರೆವ್ವ ನನ್ನ ವಾಚ್ ನೋಡಿ, ಏನದು ಎಂದರು. ನಡೆದು ಎಷ್ಟು ಕ್ಯಾಲರಿ ಕರಗಿಸಿದೆ ಅಂತ ಎಣಿಸುತ್ತದೆ, ಊಟದ ಮೇಲೆ ಅಷ್ಟನ್ನೇ ಹೆಚ್ಚಿಗೆ ತಿನ್ನುತ್ತೇನೆ ಎಂದು ವಿವರಿಸಿ, ಅವರ ಕೈಗೇ ಕಟ್ಟಿದೆ. ಅರ್ಧ ತಾಸು ಲಾಳಿ ಓಡಿತು, ಕೈ ಎಳೆದಷ್ಟೂ ವಾಚ್ ಎಣಿಸಿತು.

ಆಮೇಲೆ ಅವರು ಶೇಂಗಾ ಹೋಳಿಗೆ ತಂದಿಟ್ಟರು.

"ಬ್ಯಾಡ್ರಿ, ಇವತ್ತ ನಾ ನಡದ ಇಲ್ಲ."

ಅವರು ವಾಚ್ ಮುಂದೆ ಹಿಡಿದರು. "ಇದರಾಗ ಎಷ್ಟ ಐತ್ರಿ?"

"ಒಂದು ಹೋಳಿಗಿಯಷ್ಟ ಐತಿ. ಆದ್ರ ಅದು ನೀವು ಕರಗಿಸಿದ್ದು."

"ನನ್ನ ಊಟಾ ಆಗೇತ್ರಿ. ನನ್ನ ಪಾಲಿಂದು ನೀವ ತಿನ್ರಿ."

ತುಪ್ಪ ಹಚ್ಚಿಕೊಂಡು ಎರಡು ತಿಂದೆ. ಸಂಜೆ ಮೊಬೈಲ್ ನನ್ನ ಶ್ರಮವನ್ನು ಬಹಳ ಹೊಗಳಿತು. ಮರುದಿನ ತೂಕದ ಮಷಿನ್ ಮಾತ್ರ, ನೇಯ್ದವರು ಯಾರು, ತಿಂದವರು ಯಾರು ಎಂದು ಸರಿಯಾಗಿ ಗುರುತು ಹಿಡಿಯಿತು.