ಕಂಬಳಿಯೊಳಗೆ ಕಂಡ ಕಿಡಿ

೧೯೭೮ರ ಮೇ ೧೪, ಭಾನುವಾರ. ಕಾಳಯುಕ್ತಿ ಸಂವತ್ಸರದ ವೈಶಾಖ ಶುದ್ಧ ಸಪ್ತಮಿ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ. ಲಕ್ಷ್ಮತ್ತೆಯ ಲಗ್ನಪತ್ರಿಕೆಯನ್ನು ಹುಡುಕಿ ತೆಗೆದು, ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ ಮೇಲೆಯೇ ಈ ದಿನಾಂಕವನ್ನು ಬರೆಯುತ್ತಿದ್ದೇನೆ. ಆ ಕಾಲದಲ್ಲಿ ಅಟ್ಟೂರು ಇನ್ನೂ ಹಳ್ಳಿಯಾಗಿತ್ತು. ಯಲಹಂಕದಿಂದ ಬರುವ ಮಣ್ಣುದಾರಿಯಲ್ಲಿ ಕಾರೊಂದು ತಿರುಗಿತೆಂದರೆ ಅದು ನಮ್ಮದೇ ಎಂದು ಊರಿಗೆಲ್ಲ ತಿಳಿಯುತ್ತಿತ್ತು; ಅದು ನಿಂತುಹೋಯಿತೆಂದರೆ ಇನ್ನೂ ಬೇಗ ತಿಳಿಯುತ್ತಿತ್ತು.

ಅಪ್ಪನಿಗೆ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ನಿವೃತ್ತ ಅಧಿಕಾರಿಯೊಬ್ಬರಿಂದ ಅವರು ಕೊಂಡಿದ್ದ ಆ ಕಪ್ಪು ವಿಲಾಯಿತಿ ಕಾರು, ಹನ್ನೊಂದು ವರ್ಷದ ನನಗಿಂತ ಬಹಳ ಹಿರಿಯದು. ಅಪ್ಪನ ಅಣ್ಣ, ಮನೆಯ ಯಜಮಾನರಾದ ದೊಡ್ಡಪ್ಪನಿಗೆ ಮಾತ್ರ ಅದನ್ನು ಕಂಡರಾಗದು. ಮದುವೆಯ ಹಿಂದಿನ ದಿನ, ಅಪ್ಪನ ತಂಗಿ ಲಕ್ಷ್ಮತ್ತೆ ಮದುಮಗಳಾಗಿ ಆ ಕಾರಿನಲ್ಲೇ ಯಶವಂತಪುರದ ಛತ್ರಕ್ಕೆ ಹೋಗಬೇಕೆಂದು ಅಪ್ಪ ಹಟ ಹಿಡಿದಾಗ, ದೊಡ್ಡಪ್ಪ ತೀರ್ಪು ಕೊಟ್ಟರು.

"ಸರಿ, ಹೋಗ್ಲಿ. ನಾಳೆ ಕೈ ಕೊಡ್ತೋ, ಸೋಮವಾರ ಗುಜರಿಗೆ. ಆಮೇಲೆ ನನ್ ಮುಂದೆ ಅಳ್ಬಾರ್ದು ಕಣೋ ಸೀನ."

ಅಪ್ಪ ಒಪ್ಪಿಕೊಂಡರು. ಅಳು ಬಂದದ್ದು ನನಗೆ. ಆ ಕಾರಿನ ಸೀಟಿನ ಚರ್ಮದ ವಾಸನೆಯಲ್ಲೇ ನನ್ನ ಬೇಸಿಗೆ ರಜೆಗಳೆಲ್ಲ ಕಳೆದಿದ್ದವು. ಅದರೊಳಗೆ ಕೂತು ನಾನು ಚೌಕಾಬಾರ ಆಡಿದ್ದೆ, ಹುಣಿಸೆಹಣ್ಣು ತಿಂದಿದ್ದೆ.

ಮರುದಿನ ಬೆಳಿಗ್ಗೆ ಕಾರು ತೊಳೆದಾಯಿತು, ಮಲ್ಲಿಗೆ ಕಟ್ಟಿಯಾಯಿತು. ಅಜ್ಜಿ ಎಂದಿನಂತೆ ಬಾನೆಟ್ ತೆಗೆಸಿ ಇಂಜಿನ್ನಿಗೇ ಅರಿಶಿನ ಕುಂಕುಮವಿಟ್ಟರು. ಹೊರಗಿನ ತಗಡಿಗೆ ಮಾಡಿದ ಪೂಜೆ ನೋಡುವವರಿಗೇ ಹೊರತು ದೇವರಿಗಲ್ಲ ಎಂಬುದು ಅವರ ವಾದ. ಸೀರೆಯುಟ್ಟ ಲಕ್ಷ್ಮತ್ತೆ ಒಳಗೆ ಕೂತಳು. ಅಪ್ಪ ಸ್ಟಾರ್ಟರ್ ಎಳೆದರು. ಇಂಜಿನ್ ಗರಗರ ತಿರುಗಿತು; ಹೊತ್ತಿಕೊಳ್ಳಲಿಲ್ಲ.

ಉಳಿದವರಿಗಾಗಿ ತಾವು ಬಾಡಿಗೆಗೆ ತರಿಸಿದ್ದ ಮೆಟಡೋರ್ ವ್ಯಾನಿನ ಪಕ್ಕ ನಿಂತಿದ್ದ ದೊಡ್ಡಪ್ಪ ಕೆಮ್ಮಿದರು. "ಏನ್ ಸಮಾಚಾರ, ಸೀನ?"

"ಒಂದ್ನಿಮಿಷ ಅಣ್ಣ."

ಅಪ್ಪ ಕ್ರಮ ತಪ್ಪಿಸುವವರಲ್ಲ. ಹೆಡ್‌ಲೈಟು ಹಾಕಿ ನೋಡಿದರು: ಬ್ಯಾಟರಿ ಸರಿಯಿದೆ. ಪೆಟ್ರೋಲಿನ ವಾಸನೆ ಬರುತ್ತಿದೆ. ಪ್ಲಗ್ಗಿನ ತಂತಿಯನ್ನು ಇಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿದು ನನ್ನಿಂದ ಸ್ಟಾರ್ಟರ್ ಎಳೆಸಿದರು: ಕಿಡಿಯಿಲ್ಲ. ಕಿಡಿ ಹುಟ್ಟಿಸುವ ಕಾಯಿಲ್‌ನಿಂದ ಬರುವ ದಪ್ಪ ತಂತಿಯನ್ನು ಹಾಗೆಯೇ ಹಿಡಿದಾಗ ಚಟ್ಟೆಂದು ನೀಲಿ ಕಿಡಿ ಹಾರಿತು. ಅಂದಮೇಲೆ ದೋಷ ಇವೆರಡರ ನಡುವೆ, ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ. ಅದರ ಬಟ್ಟಲಿನಂಥ ಕರಿ ಮುಚ್ಚಳ ತೆಗೆದು ಒಳಗೆಲ್ಲ ಪರೀಕ್ಷಿಸಿದರು. ಒಳಗೆ ಎಲ್ಲವೂ ಒಣಗಿ ಶುಚಿಯಾಗಿತ್ತು. ಮತ್ತೆ ಎಳೆದರೆ ಮತ್ತೆ ಗರಗರ.

"ಮುಹೂರ್ತ ನಿನ್ ಕಾರಿಗೋಸ್ಕರ ಕಾಯಲ್ಲ. ಲಕ್ಷ್ಮೀ, ಇಳಿಯಮ್ಮ," ಎಂದರು ದೊಡ್ಡಪ್ಪ.

"ಕಿಡಿ ಎಲ್ಲೋ ಸೋರ್ತಿದೆ. ಬಿಸಿಲಲ್ಲಿ ಕಾಣಲ್ಲ," ಎಂದು ಗೊಣಗಿದ ಅಪ್ಪ ತಟ್ಟನೆ ನನ್ನತ್ತ ತಿರುಗಿದರು. "ಪುಟ್ಟೀ, ಅಜ್ಜಿ ಕರಿಕಂಬಳಿ ತಾ! ಜಡೆ ಎತ್ತಿ ಕಟ್ಕೋ, ಫ್ಯಾನಿಗೆ ಸಿಕ್ಕೀತು. ಕೈ ಹಿಂದೆ ಇಟ್ಕೊಂಡು ಬರೀ ನೋಡು."

ಇಂಜಿನ್ನಿನ ಮೇಲೆ ಬಾಗಿದ ನನಗೆ ಕಂಬಳಿ ಹೊದಿಸಿದರು. ಉಣ್ಣೆ, ಎಣ್ಣೆ, ಅರಿಶಿನ ಮೂರೂ ಬೆರೆತ ಕತ್ತಲು. ಅಪ್ಪ ಸ್ಟಾರ್ಟರ್ ಎಳೆದರು. ಕರಿ ಮುಚ್ಚಳದ ನೆತ್ತಿಯಿಂದ ಅಂಚಿನವರೆಗೆ ನೇರಳೆ ಬಣ್ಣದ ಎಳೆಯೊಂದು ಹರಿದಾಡಿತು, ಮರುಕ್ಷಣ ಇನ್ನೊಂದು.

"ಅಪ್ಪಾ, ಕುಂಕುಮದ ಮೇಲೆ ಮಿಂಚು ಓಡ್ತಿದೆ!"

"ಅಮ್ಮನೋರು ಬಂದವ್ರೆ!" ಅಜ್ಜಿ ಕೈ ಮುಗಿದರು.

"ಅಮ್ಮನೋರಲ್ಲ ಕಣವ್ವ, ಕರೆಂಟು. ಕುಂಕುಮ ಒದ್ದೆ ಮಾಡಿ ಇಟ್ಟಿದ್ಯಾ?"

"ಊಂ ಮತ್ತೆ. ಪುಡಿ ಗಾಳಿಗೆ ತೂರಿ ಮಗೀನ ಸೀರೆ ಕೆಟ್ಟೋಯ್ತದೆ ಅಂತ ನೀರಾಕಿ ಕಲಸಿ, ಅದರ ತಲೆಗೆ ಚೆನ್ನಾಗಿ ಮೆತ್ತಿದೀನಿ."

ಎಲ್ಲ ಹಬ್ಬಗಳಲ್ಲೂ ಒಣಪುಡಿಯಾಗಿ ತೆಪ್ಪಗಿದ್ದ ಕುಂಕುಮ, ಅಂದು ಹಸಿಯಾಗಿದ್ದರಿಂದ ಕಿಡಿಗೆ ಅಡ್ಡದಾರಿ ತೋರಿಸಿತ್ತು. ಪೂಜೆಯ ಗುರುತನ್ನು ಕಂಡೂ ಕಂಡೂ ಅಭ್ಯಾಸವಾಗಿದ್ದ ಅಪ್ಪನ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ. ಅವರು ಬಟ್ಟೆ ಎತ್ತಿಕೊಂಡರು. ಅಜ್ಜಿ ಅಡ್ಡ ನಿಂತರು.

"ಮದುವೆ ದಿನ ಕುಂಕುಮ ಅಳಿಸ್ತೀಯೇನೋ? ಇಂಗೂ ಉಂಟೇನೋ?"

ಅಪ್ಪ ಬಟ್ಟೆ ಹಿಡಿದೇ ದೊಡ್ಡಪ್ಪನತ್ತ ನೋಡಿದರು; ದೊಡ್ಡಪ್ಪ ಗಡಿಯಾರ ನೋಡಿಕೊಂಡರು. ಆಗ ಲಕ್ಷ್ಮತ್ತೆ ಸೆರಗು ಸಿಕ್ಕಿಸಿಕೊಂಡು ಇಳಿದು ಬಂದಳು.

"ಯಾರೂ ಅಳಿಸ್ತಿಲ್ಲವ್ವ. ನಾನು ಪ್ರಸಾದ ತಗೋತಿದೀನಿ." ಮುಚ್ಚಳದಿಂದ ಬೆರಳ ತುಂಬ ಕುಂಕುಮ ಬಳಿದು ತನ್ನ ಹಣೆಗಿಟ್ಟುಕೊಂಡಳು, ಆಮೇಲೆ ಅಜ್ಜಿಗೆ, ನನಗೆ, ಅಪ್ಪನಿಗೆ. ಕೊನೆಗೆ ದೊಡ್ಡಪ್ಪನ ಮುಂದೆ ನಿಂತಳು. "ಬಗ್ಗು ಅಣ್ಣ."

"ಆಯಿಲ್ ಮೆತ್ಕೊಂಡಿದೆ ಕಣೇ!"

"ಪ್ರಸಾದ ಬೇಡ ಅಂತೀಯ?"

ದೊಡ್ಡಪ್ಪ ಬಗ್ಗಿದರು. ಉಳಿದ ತೇವವನ್ನು ಅಪ್ಪ ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಮುಚ್ಚಳವನ್ನು ಗಾಳಿಗೆ ಆರಿಸಿ ಕೂರಿಸಿದರು. ಸ್ಟಾರ್ಟರ್ ಎಳೆದ ಕೂಡಲೇ ಇಂಜಿನ್ ಗುಡುಗಿತು. ಹಿತ್ತಲ ಕೋಳಿಗಳು ಹಾರಿದವು. ಅಜ್ಜಿ ಮತ್ತೆ ಕೈ ಮುಗಿದರು. ಈ ಸಲ ನಾನೂ ಮುಗಿದೆ. ಗುಜರಿಯ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಈಗ ನನ್ನ ಕಾರಿನ ಬಾನೆಟ್ ತೆರೆದರೆ ಕಾಣುವುದು ಪ್ಲಾಸ್ಟಿಕ್ಕಿನ ಹೊದಿಕೆಯೊಂದೇ. ದೋಷವನ್ನು ಯಂತ್ರವೇ ಓದಿ ಹೇಳುತ್ತದೆ. ಅದರ ಸುತ್ತ ಮನೆಮಂದಿಯೆಲ್ಲ ಸೇರಿ ಜಗಳವಾಡುವ ಅಗತ್ಯವಿಲ್ಲ. ಕಾರು ಹೋಯಿತು. ಅಂದು ಅಂಗಳದಲ್ಲಿದ್ದ ಹಿರಿಯರೂ ಒಬ್ಬೊಬ್ಬರಾಗಿ ಹೋದರು.

ಒಂದು ಸಂಗತಿ ಮಾತ್ರ ಇತ್ಯರ್ಥವಾಗದೆ ಉಳಿದಿದೆ. ಜಾಲಹಳ್ಳಿಯ ಬಳಿ ನಾವು ದೊಡ್ಡಪ್ಪನ ವ್ಯಾನನ್ನು ಹಿಂದೆ ಹಾಕಿದೆವು, ಕಿಟಕಿಯಲ್ಲಿದ್ದ ಅವರ ಬಿಗಿದ ಮುಖಕ್ಕೆ ನಾನು ಕೈ ಬೀಸಿದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಅತ್ತೆಯ ಮನೆಯ ಆಲ್ಬಮ್ಮಿನಲ್ಲಿ, ಛತ್ರದ ಮುಂದೆ ನಮ್ಮ ಕಾರು ಬಂದು ನಿಂತ ಗಳಿಗೆಯ ಚಿತ್ರವೊಂದು ಈಚೆಗೆ ಸಿಕ್ಕಿತು. ಅದರಲ್ಲಿ ಅಪ್ಪನ ಪಕ್ಕದ ಸೀಟಿನಿಂದ ಇಳಿಯುತ್ತಿರುವವರು ದೊಡ್ಡಪ್ಪ. ಬಾಯಿ ತುಂಬ ನಗು. ಒಂದು ಕೈ ಅಪ್ಪನ ಹೆಗಲ ಮೇಲೆ. ನೆನಪು, ದಾಖಲೆ ಬೇರೆಬೇರೆಯಾದಾಗ ದಾಖಲೆಯನ್ನೇ ಹಿಡಿಯಬೇಕೆಂದು ಜೀವನವಿಡೀ ವಾದಿಸಿದವಳು ನಾನು. ಇಲ್ಲಿಯೂ ಅದನ್ನೇ ಹಿಡಿಯುತ್ತೇನೆ, ಸಂತೋಷದಿಂದಲೇ. ಜಾಲಹಳ್ಳಿಯಲ್ಲಿ ನಾನು ಕೈ ಬೀಸಿದ್ದು ಯಾರಿಗೆಂಬುದು ಮಾತ್ರ ತಿಳಿಯದಾಗಿದೆ.