ಕೈಬಿಟ್ಟ ಸಣ್ಣ ವೃತ್ತಗಳು

ಆರೋಗ್ಯ ಕಚೇರಿಯಲ್ಲಿ ಅವಳಿಗೆ ಬಳೆಗಾರ್ತಿ ಎಂದು ಹೆಸರು ಬಿದ್ದಿತ್ತು. ಕಾಯಿಲೆಯವರ ಮನೆಗಳನ್ನು ಊರಿನ ನಕ್ಷೆಯಲ್ಲಿ ಚುಕ್ಕೆಯಾಗಿ ಗುರುತಿಸಿ, ಅವುಗಳ ಮೇಲೆ ಕಂಪ್ಯೂಟರಿನಲ್ಲಿ ಬಳೆಗಳಂಥ ಚಿಕ್ಕ ದೊಡ್ಡ ವೃತ್ತಗಳನ್ನು ವಾರವಾರವೂ ಸರಿಸಿ ನೋಡುವುದು ಅವಳ ಕೆಲಸ. ವಾಡಿಕೆಗಿಂತ ಹೆಚ್ಚು ರೋಗಿಗಳು ಸೇರಿದ ವೃತ್ತ ಕೆಂಪಾಗುತ್ತದೆ. ರೋಗ ಹಬ್ಬುತ್ತಿರಬಹುದು, ಬರೀ ಕಾಕತಾಳೀಯವೂ ಇರಬಹುದು.

ಸಣ್ಣ ವೃತ್ತಗಳಿಗೆ ಮೂಗಿನ ತುದಿಯಲ್ಲೇ ಕೋಪ. ನಾಲ್ಕು ಮನೆಯಲ್ಲಿ ಭೇದಿಯಾದರೂ ಕೆಂಪಾಗುತ್ತವೆ. ಎರಡು ಸಲ ಅವಳ ಮಾತು ನಂಬಿ, ಕುಡಿಯುವ ನೀರಿನ ಕೊಳವೆ ಒಡೆದಿರಬಹುದೆಂದು ರಸ್ತೆ ಅಗೆಸಿದರು, ಕೊಳವೆಗಳು ಗಟ್ಟಿಯಾಗಿದ್ದವು. ಮೇಲಧಿಕಾರಿ ಎಲ್ಲರೆದುರು, “ಏನಮ್ಮ ಬಳೆಗಾರ್ತಿ, ನಿನ್ನ ಕಂಪ್ಯೂಟರು ನೆರಳು ಕಂಡ್ರೂ ಬೊಗಳುತ್ತಲ್ಲ, ಊಟ ಸ್ವಲ್ಪ ಕಮ್ಮಿ ಹಾಕು” ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಂದೇ ಸಣ್ಣ ವೃತ್ತಗಳನ್ನು ಲೆಕ್ಕದಿಂದ ತೆಗೆದುಹಾಕಿದಳು.

ಆಮೇಲೆ ಅವಳ ಅಕ್ಕನ ಗಲ್ಲಿಯಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಒಂದೇ ಗಲ್ಲಿ, ಒಂದೇ ಒಡೆದ ಕೊಳವೆ. ದೊಡ್ಡ ವೃತ್ತದ ಸಾವಿರಾರು ಆರೋಗ್ಯವಂತರ ನಡುವೆ ಆ ಕೆಲವು ರೋಗಿಗಳು ಹೊಳೆಯಲ್ಲಿ ಕಿವುಚಿದ ಹುಣಸೆಹಣ್ಣಾದರು. ಏನೂ ಕೆಂಪಾಗಲಿಲ್ಲ. ಅಷ್ಟರಲ್ಲಿ ಅಕ್ಕನ ಬಸುರಿ ಮಗಳು ತಾಯಿಯ ಮನೆಗೆ ಬಂದಳು, ಆ ನೀರು ಕುಡಿದಳು, ಕಾಮಾಲೆಯಾಗಿ ಮಲಗಿದಳು. ಮಗು ಉಳಿಯಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ಬಿಸಿನೀರಿನ ಫ್ಲಾಸ್ಕ್ ಅಪ್ಪಿಕೊಂಡು ಕೂತಿದ್ದಳು. “ಎಷ್ಟೋ ಸಲ ಸೋಮಾರಿತನಕ್ಕೆ ನೀರು ಕಾಯ್ಸದೇ ಕೊಟ್ಟೆ ಕಣೇ. ನನ್ನ ಕೈಯಾರೆ.”

ತಂಗಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹಿಂದಿನ ದಿನವೇ ಅವಳು ಸಣ್ಣ ವೃತ್ತಗಳನ್ನು ಮರಳಿ ಸೇರಿಸಿ ಹಳೆಯ ವಾರಗಳ ನಕ್ಷೆಗಳನ್ನು ನೋಡಿದ್ದಳು.

“ನೀನಲ್ಲಕ್ಕ, ನಾನು. ನಿನ್ನ ಮಗಳು ಬರೋಕೆ ಮುಂಚೇನೇ ನಿಮ್ಮ ಗಲ್ಲಿ ನನ್ನ ನಕ್ಷೇಲಿ ಕೆಂಪಾಗ್ಬೇಕಿತ್ತು. ಆಗದ ಹಾಗೆ ನಾನೇ ಮಾಡಿಟ್ಟಿದ್ದೆ.”

“ಯಾಕೆ?”

“ಆಫೀಸಲ್ಲಿ ನಗ್ತಿದ್ರು.”

ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. “ಚಿಕ್ಕೋಳಿದ್ದಾಗ್ಲೂ ಹೀಗೇ ನೀನು. ನಾಲ್ಕು ಜನ ನಕ್ರೆ ಹಾವನ್ನೂ ಹಗ್ಗ ಅಂದುಬಿಡ್ತಿದ್ದೆ.” ಫ್ಲಾಸ್ಕ್ ಎತ್ತಿಕೊಂಡು ವಾರ್ಡಿನೊಳಗೆ ಹೋದಳು. ತಂಗಿಯನ್ನು ಬಾ ಎನ್ನಲಿಲ್ಲ.

ಕೆಲವು ವಾರಗಳ ಮೇಲೆ ಬಸ್ ನಿಲ್ದಾಣದ ಹಿಂದೆ ಒಂದು ಸಣ್ಣ ವೃತ್ತ ಕೆಂಪಾಯಿತು.

“ಮತ್ತೆ ಬೊಗಳ್ತಾ?” ಎಂದರು ಅಧಿಕಾರಿ.

“ಹೌದು ಸಾರ್. ಅಗೆಸಿ.”

ಅಗೆಸಿದರು. ಕೊಳವೆ ಗಟ್ಟಿಯಾಗಿತ್ತು. ಕಚೇರಿ ನಕ್ಕಿತು. ಈ ಸಲ ಅವಳು ನಗಲಿಲ್ಲ, ವೃತ್ತಗಳನ್ನು ತೆಗೆಯಲೂ ಇಲ್ಲ. ಅಕ್ಕ ಇನ್ನೂ ಅವಳ ಫೋನು ಎತ್ತುತ್ತಿಲ್ಲ.